ರುಮಟಾಲಜಿ ಆರಿಸಿಕೊಳ್ಳಲೇ? ಗಡಿನಾಡಿನ ಯುವ ವೈದ್ಯರಿಗೊಂದು ಸಮಗ್ರ ಮಾರ್ಗದರ್ಶಿ

ಎಂಡಿ ಮಾಡುತ್ತಿರುವ ನಮ್ಮ ಕಡೆಯ ಮಕ್ಕಳು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆ ಒಂದಿದೆ. "ಅಕ್ಕಾ, ಡಿಎಂ ಯಾವುದಕ್ಕೆ ಹೋಗಲಿ? ರುಮಟಾಲಜಿ ಆಗಬಹುದಾ?" ಡಿಎಂ ಎಂದರೆ ಎಂಡಿ ಆದ ಮೇಲೆ ಒಂದೇ ವಿಭಾಗದಲ್ಲಿ ಮಾಡುವ ಉನ್ನತ ಪದವಿ. ರುಮಟಾಲಜಿ ಎಂದರೆ ಕೀಲುಗಳ ಉರಿಯೂತ ಮತ್ತು ಅದರ ಬಳಗದ ಕಾಯಿಲೆಗಳನ್ನು ಮದ್ದಿನಿಂದ ನೋಡುವ ವಿಭಾಗ. ಮದುವೆಮನೆಯ ಪಂಕ್ತಿಯಲ್ಲಿ ಕೂತು ಹೇಳಿ ಮುಗಿಸುವ ವಿಷಯ ಅಲ್ಲ ಇದು. ಹಾಗಾಗಿ ಬರೆದಿಡುತ್ತಿದ್ದೇನೆ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ ಕಡೆಯವಳು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದೆ. ಈಗ ಮಂಗಳೂರಿನಲ್ಲಿ ಓಪಿ (ಹೊರರೋಗಿ ವಿಭಾಗ) ನೋಡುತ್ತೇನೆ. ನನ್ನ ರೋಗಿಗಳಲ್ಲಿ ಬಹಳಷ್ಟು ಜನ ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿ ಬರುವವರು. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ. ಈ ವಿಭಾಗದ ಮೇಲೆ ನನಗೆ ತುಂಬಾ ಪ್ರೀತಿ. ಆದರೆ ಎಲ್ಲರೂ ಬನ್ನಿ ಎಂದು ಕರೆಯಲು ಬರೆಯುತ್ತಿಲ್ಲ. ಹೊಂದದವರು ಬಂದರೆ ಅವರಿಗೂ ಕಷ್ಟ, ರೋಗಿಗೂ ಕಷ್ಟ.

ಮೊದಲ ಹೆಜ್ಜೆ: ಇದು ಯಾವ ಕೆಲಸ ಎಂದು ಸರಿಯಾಗಿ ತಿಳಿದುಕೊಳ್ಳಿ

ನಮ್ಮೂರಲ್ಲಿ ಎಲ್ಲದಕ್ಕೂ ಒಂದೇ ಹೆಸರು, ವಾತ. ಮಂಡಿ ಸವೆದರೂ ವಾತ, ಸೊಂಟದ ನರ ಒತ್ತಿದರೂ ವಾತ, ಚಿಕೂನ್‌ಗುನ್ಯಾ ಬಂದು ಹೋದ ಮೇಲೆ ಉಳಿದ ನೋವೂ ವಾತ. ಅದರಲ್ಲಿ ಯಾವುದು ಸವೆತ, ಯಾವುದು ಸೋಂಕಿನ ಬಾಲ, ಯಾವುದು ದೇಹದ ರಕ್ಷಣಾ ವ್ಯವಸ್ಥೆ ದೇಹವನ್ನೇ ಶತ್ರು ಎಂದು ತಿಳಿದು ದಾಳಿ ಮಾಡುವ ಕಾಯಿಲೆ ಎಂದು ಬೇರ್ಪಡಿಸುವುದೇ ನಿಮ್ಮ ಕೆಲಸ. ನೀವು ಮೂಳೆ ಡಾಕ್ಟರ್ ಅಲ್ಲ. ಆಪರೇಷನ್ ಮಾಡುವುದಿಲ್ಲ. ಇದನ್ನು ರೋಗಿಗೆ ದಿನಕ್ಕೆ ಹತ್ತು ಸಲ ಹೇಳಬೇಕಾಗುತ್ತದೆ. ಮನೆಯವರಿಗೂ ಹೇಳಬೇಕಾಗುತ್ತದೆ.

ನಾವು ನೋಡುವ ಕಾಯಿಲೆಗಳು ಇವು: ರುಮಟಾಯ್ಡ್ ಆರ್ಥರೈಟಿಸ್ (ಆ ದಾಳಿ ಮುಖ್ಯವಾಗಿ ಕೀಲುಗಳ ಮೇಲೆ), ಲೂಪಸ್ (ಅದೇ ದಾಳಿ ಹಲವು ಅಂಗಗಳ ಮೇಲೆ), ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ (ಬೆನ್ನುಮೂಳೆಯ ಉರಿಯೂತ), ಸೋರಿಯಾಸಿಸ್ ಜೊತೆ ಬರುವ ಕೀಲುನೋವು, ಗೌಟ್ (ಯೂರಿಕ್ ಆಸಿಡ್ ಹರಳುಗಳಿಂದ ಬರುವ ಕೀಲು ಉರಿ), ಸ್ಕ್ಲೀರೋಡರ್ಮಾ (ಚರ್ಮ ಗಟ್ಟಿಯಾಗುವ ಕಾಯಿಲೆ), ರಕ್ತನಾಳಗಳ ಉರಿಯೂತ, ಮಕ್ಕಳ ಆರ್ಥರೈಟಿಸ್. ಹೆಸರಿನಲ್ಲಿ ಕೀಲು ಇದ್ದರೂ ಕಾಯಿಲೆ ಕೀಲಿನಲ್ಲೇ ನಿಲ್ಲುವುದಿಲ್ಲ. ಲೂಪಸ್ ಕಿಡ್ನಿಗೆ ಹೋಗುತ್ತದೆ, ಮೆದುಳಿಗೆ ಹೋಗುತ್ತದೆ. ಹತ್ತು ಲೂಪಸ್ ರೋಗಿಗಳಲ್ಲಿ ಸುಮಾರು ಒಂಬತ್ತು ಜನ ಹೆಂಗಸರು. ಹೆಚ್ಚಿನವರು ಹೆರುವ ವಯಸ್ಸಿನವರು. ಹಾಗಾಗಿ ಬಸಿರು, ಬಾಣಂತನ, ಮದುವೆ ಮಾತುಕತೆ ಎಲ್ಲವೂ ನಿಮ್ಮ ಮೇಜಿನ ಮೇಲೆ ಬರುತ್ತದೆ.

ಕೀಲುನೋವೆಲ್ಲ ನಮ್ಮ ಕಾಯಿಲೆಯೂ ಅಲ್ಲ. ಸಾಗರದ ಹಂದಿಗೋಡಿನ ಕಾಯಿಲೆ 1970ರ ದಶಕದಲ್ಲಿ ಬೆಳಕಿಗೆ ಬಂತು, ನಿಮಗೆ ಗೊತ್ತಿರಬಹುದು. ಅದು ವಂಶದಲ್ಲಿ ಹರಿದು ಬರುವ ಮೂಳೆ-ಕೀಲುಗಳ ದೋಷ. ಅದಕ್ಕೆ ನಮ್ಮ ಮದ್ದುಗಳು ನಾಟುವುದಿಲ್ಲ. ಎಲ್ಲಿ ನಮ್ಮ ಮದ್ದು ಉಪಯೋಗಕ್ಕೆ ಬರುವುದಿಲ್ಲ ಎಂದು ಗುರುತಿಸುವುದೂ ಈ ಕೆಲಸದ ದೊಡ್ಡ ಭಾಗ.

"ರಾತ್ರಿ ಕರೆ ಇಲ್ಲ, ಎಮರ್ಜೆನ್ಸಿ ಇಲ್ಲ, ಆರಾಮ" ಎಂದು ಹೇಳುವವರಿದ್ದಾರೆ. ಕರೆ ಕಡಿಮೆ, ಅದು ನಿಜ. ಆದರೆ ಇಲ್ಲವೇ ಇಲ್ಲ ಎನ್ನಬೇಡಿ. ಲೂಪಸ್ ರೋಗಿಯ ಶ್ವಾಸಕೋಶದೊಳಗೆ ರಕ್ತ ಸುರಿಯತೊಡಗಿದರೆ ಗಂಟೆಗಳ ಲೆಕ್ಕ. ಆರಾಮಕ್ಕಾಗಿ ಬಂದವರು ಆ ರಾತ್ರಿ ತಬ್ಬಿಬ್ಬಾಗುತ್ತಾರೆ.

ಎರಡನೇ ಹೆಜ್ಜೆ: ಹಳೇ ಚೀಟಿಯವರ ಸಾಲಿನಲ್ಲಿ ಕೂರಿ

ಈ ಬರಹದಲ್ಲಿ ಒಂದೇ ಒಂದು ಮಾತನ್ನು ನೀವು ಪಾಲಿಸುವುದಾದರೆ, ಇದನ್ನು ಪಾಲಿಸಿ.

1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ರುಮಟಾಯ್ಡ್‌ನಿಂದ ಎದ್ದು ನಡೆಯಲಾಗದ ಹೆಂಗಸಿಗೆ ಮೊದಲ ಬಾರಿ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದರು. ಎರಡೇ ವರ್ಷಕ್ಕೆ, 1950ರಲ್ಲಿ, ಹೆಂಚ್ ಮತ್ತು ಇನ್ನಿಬ್ಬರಿಗೆ ನೊಬೆಲ್ ಬಂತು. ಆಮೇಲೆ ಏನಾಯಿತು? ಮದ್ದು ಮುಂದುವರಿಸಿದಂತೆ ಮುಖ ಊದಿತು, ಮೂಳೆ ಟೊಳ್ಳಾಯಿತು, ಸಕ್ಕರೆ ಏರಿತು. ಮದ್ದು ನಿಲ್ಲಿಸಿದರೆ ಕಾಯಿಲೆ ಮರಳಿತು.

ನಮ್ಮ ಓಪಿಯಲ್ಲಿ ಇವತ್ತಿಗೂ ಇದೇ ನಡೆಯುತ್ತದೆ. ಮೊದಲ ಭೇಟಿಯಲ್ಲಿ ಸ್ವಲ್ಪ ಸ್ಟೀರಾಯ್ಡ್ ಕೊಟ್ಟರೆ ಮೂರೇ ದಿನದಲ್ಲಿ ರೋಗಿ ಫೋನ್ ಮಾಡಿ "ನೀವು ದೇವರ ಹಾಗೆ" ಎನ್ನುತ್ತಾರೆ. ಆ ಮಾತು ಕೇಳಿ ಈ ವಿಭಾಗಕ್ಕೆ ಮರುಳಾಗಬೇಡಿ. ನಿಜವಾದ ಕೆಲಸ ಮೂರನೇ, ಆರನೇ, ಹದಿನೈದನೇ ಭೇಟಿಯಲ್ಲಿದೆ. ರುಮಟಾಯ್ಡ್‌ಗೆ ದೀರ್ಘಕಾಲ ಕೊಡುವ ಮೆಥೋಟ್ರೆಕ್ಸೇಟ್ ಎಂಬ ಮದ್ದು ಕೆಲಸ ತೋರಿಸಲು ಆರರಿಂದ ಹನ್ನೆರಡು ವಾರ ಬೇಕು. ಅಷ್ಟರೊಳಗೆ ನೆರೆಮನೆಯವರು "ಅದು ಕ್ಯಾನ್ಸರ್ ಮದ್ದಂತೆ" ಎಂದು ಹೆದರಿಸಿರುತ್ತಾರೆ. ರೋಗಿ ಅರ್ಧಕ್ಕೆ ಬಿಟ್ಟು ಮತ್ತೆ ಬರುತ್ತಾರೆ. ನೀವು ಮೊದಲಿನಿಂದ ವಿವರಿಸಬೇಕು, ಸಿಟ್ಟು ಮಾಡದೆ.

ಹಾಗಾಗಿ ಹೀಗೆ ಮಾಡಿ. ರುಮಟಾಲಜಿ ವಿಭಾಗ ಇರುವ ಒಂದು ಆಸ್ಪತ್ರೆಗೆ ಅನುಮತಿ ಕೇಳಿ. ಮಂಗಳೂರು, ಮಣಿಪಾಲ, ಬೆಂಗಳೂರು, ಕೊಚ್ಚಿ, ನಿಮಗೆ ಎಲ್ಲಿ ಹತ್ತಿರವೋ ಅಲ್ಲಿ. ವಾರಕ್ಕೊಂದು ದಿನದಂತೆ ಎರಡು ತಿಂಗಳು ಕೂರಿ. ಹೊಸ ರೋಗಿಗಳಿಗಿಂತ ಹಳೇ ಚೀಟಿಯವರನ್ನೇ ಜಾಸ್ತಿ ನೋಡಿ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಪ್ರತಿ ರೋಗಿಗೆ ಎರಡೇ ಸಾಲು ಸಾಕು. ಕಳೆದ ಸಲಕ್ಕಿಂತ ಇವರ ಬದುಕಿನಲ್ಲಿ ಏನು ಬದಲಾಯಿತು? ಇವತ್ತು ಡಾಕ್ಟರಿಗೆ ಏನು ಗೊತ್ತಾಗಲಿಲ್ಲ?

ಬದಲಾದದ್ದು ಬಹಳ ಸಣ್ಣದಿರುತ್ತದೆ. "ಈಗ ಬೆಳಿಗ್ಗೆ ಕಾಯಿ ಹೆರೆಯಲು ಆಗುತ್ತದೆ." "ಬಾವಿಯಿಂದ ಒಂದು ಕೊಡಪಾನ ನಾನೇ ಸೇದಿದೆ." "ಮಗುವಿಗೆ ಜಡೆ ಹಾಕಿದೆ." ಇದನ್ನು ಕೇಳಿ ನಿಮ್ಮೊಳಗೆ ಏನೋ ಅರಳಿದರೆ ಮುಂದಿನ ಹೆಜ್ಜೆಗೆ ಹೋಗಿ. ಹೊತ್ತು ಹೋಗುತ್ತಿಲ್ಲ, ಗಡಿಯಾರ ನೋಡುತ್ತಿದ್ದೀರಿ ಎಂದಾದರೆ ಅದನ್ನೂ ನೋಟ್‌ಬುಕ್‌ನಲ್ಲಿ ಬರೆದಿಡಿ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಮೂರನೇ ಹೆಜ್ಜೆ: "ಗೊತ್ತಿಲ್ಲ" ಎನ್ನುವುದು ನಿಮಗೆ ಒಗ್ಗುತ್ತದಾ?

ಹೃದಯಾಘಾತವಾದರೆ ಇಸಿಜಿ ಇದೆ, ಆಂಜಿಯೋಗ್ರಾಮ್ ಇದೆ, ಸ್ಟೆಂಟ್ ಇದೆ. ಒಂದು ಗಂಟೆಯಲ್ಲಿ ಕಥೆ ಬದಲಾಗುತ್ತದೆ. ನಮ್ಮಲ್ಲಿ ಹಾಗಿಲ್ಲ. ಎಎನ್‌ಎ (ಲೂಪಸ್‌ನಂಥ ಕಾಯಿಲೆ ಹುಡುಕಲು ಮಾಡುವ ರಕ್ತಪರೀಕ್ಷೆ) ಪಾಸಿಟಿವ್ ಎಂಬ ಒಂದು ಕಾಗದ ಹಿಡಿದುಕೊಂಡು, ರಾತ್ರಿಯೆಲ್ಲ ಇಂಟರ್‌ನೆಟ್ ಓದಿ, ಅತ್ತುಕೊಂಡು ಬರುವ ಹುಡುಗಿಯರಿದ್ದಾರೆ. ಏನೂ ಕಾಯಿಲೆ ಇಲ್ಲದವರಲ್ಲೂ ಎಎನ್‌ಎ ಪಾಸಿಟಿವ್ ಬರಬಹುದು. ರುಮಟಾಯ್ಡ್‌ಗೆಂದು ಮಾಡುವ ಆರ್‌ಎ ಫ್ಯಾಕ್ಟರ್ ರಕ್ತಪರೀಕ್ಷೆ ಕೂಡ ಹಾಗೆಯೇ. ಅದು ನೆಗೆಟಿವ್ ಇದ್ದೂ ರುಮಟಾಯ್ಡ್ ಇರಬಹುದು. ಪಾಸಿಟಿವ್ ಇದ್ದೂ ಬೇರೇನೋ ಸೋಂಕು ಇರಬಹುದು. ಕೊನೆಗೆ ತೀರ್ಪು ಸಿಗುವುದು ರೋಗಿಯ ಮಾತಿನಲ್ಲಿ ಮತ್ತು ನಿಮ್ಮ ಬೆರಳ ತುದಿಯಲ್ಲಿ. ಬೆಳಿಗ್ಗೆ ಎದ್ದಾಗ ಕೈ ಎಷ್ಟು ಹೊತ್ತು ಬಿಗಿದಿರುತ್ತದೆ, ಹತ್ತು ನಿಮಿಷವೋ ಒಂದು ಗಂಟೆಯೋ? ಊದಿರುವುದು ಬೆರಳ ಯಾವ ಗಂಟು? ಕೆಲಸ ಮಾಡಿದರೆ ನೋವು ಜಾಸ್ತಿಯೋ, ಕೂತರೆ ಜಾಸ್ತಿಯೋ?

ಕೆಲವರಿಗೆ ಒಂದು ವರ್ಷ ಕಳೆದರೂ ಹೆಸರು ಕೊಡಲಾಗುವುದಿಲ್ಲ. ಹೆಸರಿಲ್ಲದ ಕಾಯಿಲೆಗೆ ಮದ್ದು ಕೊಡಬೇಕು, ಕಾಯಬೇಕು, ತಪ್ಪಿದ್ದರೆ ಒಪ್ಪಿಕೊಂಡು ದಾರಿ ಬದಲಿಸಬೇಕು. "ಈಗಲೇ ಹೆಸರು ಹೇಳಲಾಗುವುದಿಲ್ಲ, ಆದರೆ ನಿಮ್ಮನ್ನು ಬಿಡುವುದಿಲ್ಲ" ಎಂದು ರೋಗಿಯ ಮುಖ ನೋಡಿ ಹೇಳಲು ನಿಮಗೆ ಬರಬೇಕು. ಎಂಡಿ ವಾರ್ಡಿನಲ್ಲಿ ಜ್ವರದ ಕಾರಣ ಸಿಗದ ರೋಗಿ ಇದ್ದಾಗ ನಿಮಗೆ ಏನನ್ನಿಸುತ್ತಿತ್ತು? ಮತ್ತೆ ಹೋಗಿ ಒಮ್ಮೆ ಪರೀಕ್ಷಿಸೋಣ ಅನ್ನಿಸುತ್ತಿತ್ತಾ, ಬೇರೆ ಯೂನಿಟ್‌ಗೆ ಹೋದರೆ ಸಾಕು ಅನ್ನಿಸುತ್ತಿತ್ತಾ? ನಿಮಗೆ ನೀವೇ ಸುಳ್ಳು ಹೇಳದೆ ಉತ್ತರಿಸಿ.

ಕೈಕೆಲಸ ಇಷ್ಟಪಡುವವರಿಗೆ ಇಲ್ಲಿ ಹೆಚ್ಚೇನಿಲ್ಲ. ಕೀಲಿನಿಂದ ನೀರು ತೆಗೆಯುವುದು, ಕೀಲಿಗೆ ಇಂಜೆಕ್ಷನ್, ಅಲ್ಟ್ರಾಸೌಂಡ್ ಹಿಡಿದು ಕೀಲು ನೋಡುವುದು. ಅಷ್ಟೇ. ಅದು ಸಾಲದು ಅನ್ನಿಸಿದರೆ ಗ್ಯಾಸ್ಟ್ರೋ, ಕಾರ್ಡಿಯಾಲಜಿ ಕಡೆ ನೋಡಿ.

ನಾಲ್ಕನೇ ಹೆಜ್ಜೆ: ಮಾತಿನ ಲೆಕ್ಕ ಹಾಕಿ

ನಾನು ಕಲಿಯುತ್ತಿದ್ದ ದಿನಗಳಲ್ಲಿ ಗಡಿಯ ಕಾಸರಗೋಡು ಕಡೆಯ ಹಳ್ಳಿಯೊಂದರಿಂದ ಒಬ್ಬ ಹೆಂಗಸು ಬಂದರು. ಬಾಯಿ ತುಂಬ ಹುಣ್ಣು, ನೀರು ಕುಡಿಯಲೂ ಆಗದು. ರಕ್ತದ ಕಣಗಳು ಕುಸಿದಿದ್ದವು. ಬೇರೆ ಕಡೆ ಅವರಿಗೆ ಮೆಥೋಟ್ರೆಕ್ಸೇಟ್ ಬರೆದುಕೊಟ್ಟಿದ್ದರು. ವಾರಕ್ಕೊಮ್ಮೆ ಎಂದು ಇಂಗ್ಲಿಷಿನಲ್ಲಿತ್ತು. ಮದ್ದಿನ ಅಂಗಡಿಯವರು ಲಕೋಟೆಯ ಮೇಲೆ ಮಲಯಾಳದಲ್ಲಿ ಏನೋ ಬರೆದಿದ್ದರು. ಆಕೆಗೆ ಓದಲು ಬರುವುದು ಕನ್ನಡ ಮಾತ್ರ. ದಿನಾ ಒಂದು ನುಂಗಿದ್ದರು. ಹನ್ನೊಂದು ದಿನ.

ಆಕೆ ಉಳಿದರು. ಆದರೆ ಆ ವಾರ ನಾನು ನಿದ್ದೆ ಮಾಡಲಿಲ್ಲ. ಅಂದಿನಿಂದ ಚೀಟಿಯ ಮೇಲೆ "ಭಾನುವಾರ ಮಾತ್ರ" ಎಂದು ನನ್ನ ಕೈಯಾರೆ ಬರೆಯುತ್ತೇನೆ, ಅವರು ಓದುವ ಲಿಪಿಯಲ್ಲಿ. ಮಲಯಾಳ ಲಿಪಿ ಬರೆಯಲು ಅದಕ್ಕಾಗಿಯೇ ಮತ್ತೆ ಅಭ್ಯಾಸ ಮಾಡಿದೆ. ಮೆಥೋಟ್ರೆಕ್ಸೇಟ್ ಜೊತೆ ಕೊಡುವ ಫೋಲಿಕ್ ಆಸಿಡ್ ಎಂಬ ವಿಟಮಿನ್ ಬೇರೆ ದಿನ, ಬೇರೆ ಗುರುತು ಹಾಕಿ ತೋರಿಸುತ್ತೇನೆ. ಮತ್ತೆ ಅವರ ಬಾಯಲ್ಲೇ ಹೇಳಿಸುತ್ತೇನೆ.

ಕಾಸರಗೋಡಿನ ಮಕ್ಕಳಿಗೆ ಇಲ್ಲೊಂದು ದೊಡ್ಡ ಅನುಕೂಲ ಇದೆ. ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ. ಇವುಗಳಲ್ಲಿ ಮೂರಾದರೂ ನಿಮ್ಮ ನಾಲಿಗೆಯಲ್ಲಿರುತ್ತವೆ. ಸ್ಕ್ಯಾನ್‌ಗಿಂತ ಮಾತು ಮುಖ್ಯವಾದ ವಿಭಾಗದಲ್ಲಿ ಅದು ಸಣ್ಣ ಬಂಡವಾಳ ಅಲ್ಲ. "ಬೇನೆ", "ಸೆಳೆತ", "ಜೋಮು", "ಕಡಿತ" ಇವೆಲ್ಲ ಬೇರೆ ಬೇರೆ ಎಂದು ನಿಮಗೆ ಕೇಳಿದ ಕೂಡಲೇ ತಿಳಿಯುತ್ತದೆ. ಆದರೆ ಮಾತನಾಡಲು ಸಮಯ ಬೇಕು. ಹೊಸ ರೋಗಿಗೆ ಅರ್ಧ ಗಂಟೆ ಹಿಡಿಯುತ್ತದೆ. ಕೇಳುತ್ತಾ ಕೂರುವುದು ನಿಮಗೆ ದಣಿವು ತರುತ್ತದೆ ಎಂದಾದರೆ ಇಲ್ಲಿ ಬೇಗ ಸುಸ್ತಾಗುತ್ತೀರಿ.

ಐದನೇ ಹೆಜ್ಜೆ: ವರ್ಷ, ಪರೀಕ್ಷೆ, ಬಾಂಡ್

ಎಂಬಿಬಿಎಸ್ ಐದೂವರೆ ವರ್ಷ. ಎಂಡಿ ಮೂರು. ಡಿಎಂ ಇಲ್ಲವೇ ಅದಕ್ಕೆ ಸಮನಾದ ಡಿಆರ್‌ಎನ್‌ಬಿ ಮತ್ತೆ ಮೂರು. ಒಟ್ಟು ಹನ್ನೊಂದೂವರೆ. ನಡುವೆ ಪರೀಕ್ಷೆಗೆ ಕೂತ ವರ್ಷಗಳು, ಬಾಂಡ್ ಸೇವೆ ಎಲ್ಲ ಸೇರಿದರೆ ಕೆಲಸ ಹಿಡಿಯುವಾಗ ವಯಸ್ಸು ಮೂವತ್ತೆರಡೋ ಮೂವತ್ಮೂರೋ ಆಗಿರುತ್ತದೆ. ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ಮನೆಯವರ ಮುಂದೆ ಇಡಿ. ಅಪ್ಪ ಅಮ್ಮ, ಮದುವೆಯಾಗಿದ್ದರೆ ಸಂಗಾತಿ, ಎಲ್ಲರೂ ನೋಡಲಿ.

ಸಾಮಾನ್ಯ ದಾರಿ ಜನರಲ್ ಮೆಡಿಸಿನ್ ಎಂಡಿ. ಮಕ್ಕಳ ವಿಭಾಗದಿಂದಲೂ ಬರುವವರಿದ್ದಾರೆ. ಆ ವರ್ಷದ ಮಾಹಿತಿ ಪುಸ್ತಕದಲ್ಲಿ ಅರ್ಹತೆಯ ಪಟ್ಟಿ ನೋಡಿಯೇ ಮುಂದುವರಿಯಿರಿ. ಡಿಎಂ ಸೀಟಿಗೆ ನಡೆಯುವ ಪ್ರವೇಶ ಪರೀಕ್ಷೆ ನೀಟ್ ಎಸ್‌ಎಸ್‌ನಲ್ಲಿ 150 ಪ್ರಶ್ನೆ. ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಕಳೆಯುತ್ತಾರೆ. ಮೆಡಿಸಿನ್ ಗುಂಪಿಗೆಲ್ಲ ಒಂದೇ ಪರೀಕ್ಷೆ, ಒಂದೇ ರ‍್ಯಾಂಕ್ ಪಟ್ಟಿ. ಅಂದರೆ ರುಮಟಾಲಜಿಗೆಂದು ಬೇರೆ ಓದು ಇಲ್ಲ. ಏಮ್ಸ್, ಚಂಡೀಗಢದ ಪಿಜಿಐ, ಪುದುಚೇರಿಯ ಜಿಪ್‌ಮರ್‌ಗೆ ಐಎನ್‌ಐ ಎಸ್‌ಎಸ್ ಎಂಬ ಬೇರೆ ಪರೀಕ್ಷೆ ಇದೆ. ಅದು ವರ್ಷಕ್ಕೆ ಎರಡು ಸಲ.

ಒಂದೇ ಪಟ್ಟಿಯಾದ್ದರಿಂದ ಒಂದು ಅಪಾಯ ಇದೆ. ಕಾರ್ಡಿಯಾಲಜಿ ಸಿಗಲಿಲ್ಲ, ಗ್ಯಾಸ್ಟ್ರೋ ಸಿಗಲಿಲ್ಲ, ಕೌನ್ಸೆಲಿಂಗ್ ಪರದೆಯಲ್ಲಿ ಉಳಿದದ್ದು ಇದು, ಸರಿ ಒತ್ತಿಬಿಡೋಣ ಎಂದು ಬರುವವರಿದ್ದಾರೆ. ಹಾಗೆ ಬಂದು ಚೆನ್ನಾಗಿ ಮಾಡಿದವರೂ ಇದ್ದಾರೆ. ಆರು ತಿಂಗಳಲ್ಲಿ ಬಿಟ್ಟು ಹೋದವರನ್ನೂ ನೋಡಿದ್ದೇನೆ. ಸೀಟು ಸೇರಿ ಬಿಟ್ಟರೆ ದಂಡ ಕಟ್ಟಬೇಕಾಗಬಹುದು, ಮುಂದಿನ ಪರೀಕ್ಷೆಗೆ ತಡೆಯೂ ಆಗಬಹುದು. ಕೋರ್ಸ್ ಮುಗಿಸಿದ ಮೇಲೆ ಸೇವೆ ಮಾಡಬೇಕೆಂಬ ಬಾಂಡ್ ಒಂದೊಂದು ಕಡೆ ಒಂದೊಂದು ರೀತಿ. ಒತ್ತುವ ಮೊದಲು ಓದಿ. ಪೂರ್ತಿ ಓದಿ.

ಆರನೇ ಹೆಜ್ಜೆ: ಸೀಟಿಗಿಂತ ವಿಭಾಗ ನೋಡಿ

ಲಕ್ನೋದ ಎಸ್‌ಜಿಪಿಜಿಐ, ವೆಲ್ಲೂರಿನ ಸಿಎಂಸಿ, ದೆಹಲಿಯ ಏಮ್ಸ್, ಜಿಪ್‌ಮರ್, ಹೈದರಾಬಾದಿನ ನಿಮ್ಸ್, ಚೆನ್ನೈನ ಮದ್ರಾಸ್ ಮೆಡಿಕಲ್ ಕಾಲೇಜು, ಬೆಂಗಳೂರಿನ ಸೇಂಟ್ ಜಾನ್ಸ್. ಈ ವಿಷಯದಲ್ಲಿ ಇವು ಗಟ್ಟಿ ಹೆಸರುಗಳು. ಹೆಸರು ನೋಡಿ ಸುಮ್ನೆ ನಿಲ್ಲಬೇಡಿ. ಅಲ್ಲಿ ಈಗ ಕಲಿಯುತ್ತಿರುವವರಿಗೆ ಫೋನ್ ಮಾಡಿ. ಲೂಪಸ್ ಕಿಡ್ನಿ ರೋಗಿಗಳನ್ನು ನೀವೇ ನೋಡುತ್ತೀರಾ, ನೆಫ್ರಾಲಜಿಗೆ ಕೊಟ್ಟುಬಿಡುತ್ತೀರಾ? ವಾರ್ಡಿನಲ್ಲಿ ನಿಮ್ಮದೇ ಹಾಸಿಗೆಗಳಿವೆಯಾ? ಮಕ್ಕಳ ಕಾಯಿಲೆ ನೋಡಲು ಸಿಗುತ್ತದಾ? ಅಲ್ಟ್ರಾಸೌಂಡ್ ಕೈಗೆ ಕೊಡುತ್ತಾರಾ? ತಪ್ಪಾದಾಗ ಹಿರಿಯರು ಹೇಗೆ ಮಾತನಾಡುತ್ತಾರೆ? ಕೊನೆಯ ಪ್ರಶ್ನೆಗೆ ಉತ್ತರಿಸುವಾಗ ಅವರ ದನಿಯನ್ನೂ ಗಮನಿಸಿ.

ಏಳನೇ ಹೆಜ್ಜೆ: ಎಲ್ಲಿ ಕೂರುತ್ತೀರಿ?

ದೆಹಲಿ ಬಳಿಯ ಬಲ್ಲಬ್‌ಗಢದ ಹಳ್ಳಿಗಳಲ್ಲಿ ನಡೆದ, 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಯಸ್ಕರಲ್ಲಿ ನೂರಕ್ಕೆ 0.75ರಷ್ಟು ರುಮಟಾಯ್ಡ್ ಕಂಡಿತ್ತು. 2011ರ ಜನಗಣತಿಯಂತೆ ನಮ್ಮ ಜಿಲ್ಲೆಯಲ್ಲಿ 13 ಲಕ್ಷ ಜನ. ವಯಸ್ಕರು ಎಂಟು ಲಕ್ಷ ಎಂದು ಹಿಡಿದು ಅದೇ ಅಳತೆ ಹಾಕಿದರೂ ಸುಮಾರು 6,000 ರೋಗಿಗಳು, ರುಮಟಾಯ್ಡ್ ಒಂದರಲ್ಲೇ. ಕೆಲಸಕ್ಕೆ ಬರ ಇಲ್ಲ, ಅಲ್ವಾ?

ಆದರೆ ಅವರು ಎಲ್ಲಿದ್ದಾರೆ? ನನ್ನ ದೊಡ್ಡಮ್ಮ ಬೀಡಿ ಕಟ್ಟುತ್ತಿದ್ದರು. ಬೆರಳು ಊದಿದಾಗ "ಬೀಡಿ ಕಟ್ಟಿ ಕಟ್ಟಿ ಹೀಗಾಗಿದೆ" ಎಂದು ಎಲ್ಲರೂ ಹೇಳಿದರು. ನೋವಿನ ಗುಳಿಗೆ, ಎಣ್ಣೆ, ಕಷಾಯ. ಏಳು ವರ್ಷ ಹಾಗೇ ಹೋಯಿತು. ಸರಿಯಾದ ಹೆಸರು ಸಿಗುವ ಹೊತ್ತಿಗೆ ಬೆರಳುಗಳು ಒಂದು ಬದಿಗೆ ವಾಲಿಬಿಟ್ಟಿದ್ದವು. ವಾಲಿದ್ದನ್ನು ಯಾವ ಮದ್ದೂ ನೇರ ಮಾಡುವುದಿಲ್ಲ. ಇಂಥ ಕಥೆ ನಿಮ್ಮ ಮನೆಯಲ್ಲೂ ಇರಬಹುದು. ಅದು ಈ ವಿಭಾಗದ ಕಡೆ ತಿರುಗಿ ನೋಡಲು ಒಳ್ಳೆಯ ಕಾರಣ. ಆರಿಸಿಕೊಳ್ಳಲು ಅದೊಂದೇ ಸಾಲದು. ದೊಡ್ಡಮ್ಮನ ಮೇಲಿನ ಪ್ರೀತಿ ಡಿಎಂ ಎರಡನೇ ವರ್ಷದವರೆಗೆ ನಿಮ್ಮನ್ನು ಎಳೆದುಕೊಂಡು ಹೋದೀತು. ಆಮೇಲೆ ಈ ಕೆಲಸವೇ ನಿಮ್ಮನ್ನು ಎಳೆಯಬೇಕು.

ಕಾಸರಗೋಡಿನಲ್ಲೇ ಕೂರುವುದಾ, ಮಂಗಳೂರಿನಲ್ಲಾ ಎಂಬುದು ಸುಲಭದ ಪ್ರಶ್ನೆ ಅಲ್ಲ. ನಡುವೆ ಇರುವುದು 50 ಕಿಲೋಮೀಟರ್. ಆದರೆ 2020ರ ಮಾರ್ಚ್‌ನಲ್ಲಿ ಆ 50 ಕಿಲೋಮೀಟರ್ ಎಷ್ಟು ದೂರ ಎಂದು ನಾವೆಲ್ಲ ನೋಡಿದೆವು. ತಲಪಾಡಿಯಲ್ಲಿ ಗಡಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿದರು. ಅದೇ ವಾರಗಳಲ್ಲಿ ಕೊರೋನಾಕ್ಕೆ ಆಗುತ್ತದೆಂಬ ಸುದ್ದಿ ಹಬ್ಬಿ ಹೈಡ್ರಾಕ್ಸಿಕ್ಲೋರೋಕ್ವಿನ್ ಅಂಗಡಿಗಳಿಂದ ಮಾಯವಾಯಿತು. ಲೂಪಸ್ ರೋಗಿಗಳಿಗೆ ಅದು ದಿನನಿತ್ಯದ ಮದ್ದು. ಆಗ ಫೋನಿನಲ್ಲೇ ಒಬ್ಬೊಬ್ಬರಿಗೂ ಅಂಗಡಿ ಹುಡುಕಿಕೊಟ್ಟೆವು. ಗಡಿಯ ಕಾಸರಗೋಡು ಕಡೆಗೂ ತಜ್ಞರು ಬೇಕು ಎಂದು ನನಗೆ ಮನದಟ್ಟಾದದ್ದು ಆಗಲೇ. ವಾರದಲ್ಲಿ ಒಂದೆರಡು ದಿನ ಊರಲ್ಲಿ, ಉಳಿದ ದಿನ ದೊಡ್ಡ ಆಸ್ಪತ್ರೆಯಲ್ಲಿ. ಇದು ನಡೆಯುವ ದಾರಿ, ಮೊದಲ ಐದು ವರ್ಷಕ್ಕೆ ನಾನು ಇದನ್ನೇ ಹೇಳುತ್ತೇನೆ.

ದುಡ್ಡಿನ ಬಗ್ಗೆಯೂ ನೇರವಾಗಿ ಹೇಳುತ್ತೇನೆ. ಸ್ಟೆಂಟ್, ಎಂಡೋಸ್ಕೋಪಿ ಮಾಡುವವರ ಆದಾಯ ಇಲ್ಲಿ ಬರುವುದಿಲ್ಲ. ಸಲಹೆಯ ಶುಲ್ಕವೇ ಮುಖ್ಯ. ರೋಗಿಗಳು ವರ್ಷಗಟ್ಟಲೆ ಉಳಿಯುವುದರಿಂದ ನಿಧಾನವಾಗಿ ಓಪಿ ತುಂಬುತ್ತದೆ. ಬದುಕಲು ಧಾರಾಳ ಸಾಕು. ಆದರೆ ದೊಡ್ಡ ಸಾಲ ಹೊತ್ತು ಎಂಡಿ ಮಾಡಿದವರು ಮೊದಲ ವರ್ಷಗಳ ಕಂತಿನ ಲೆಕ್ಕ ಹಾಕಿಯೇ ಬನ್ನಿ.

ರೋಗಿಯ ದುಡ್ಡಿನ ಲೆಕ್ಕವೂ ನಿಮ್ಮದೇ ಆಗುತ್ತದೆ. ಬಯೋಲಾಜಿಕ್ ಇಂಜೆಕ್ಷನ್‌ಗಳು (ರಕ್ಷಣಾ ವ್ಯವಸ್ಥೆಯ ನಿರ್ದಿಷ್ಟ ಭಾಗವನ್ನು ತಡೆಯುವ ಮದ್ದುಗಳು) ಅದ್ಭುತ ಕೆಲಸ ಮಾಡುತ್ತವೆ. ಅವುಗಳಲ್ಲೊಂದಾದ ಅಡಾಲಿಮುಮ್ಯಾಬ್‌ನ ಬಯೋಸಿಮಿಲರ್ (ಅದನ್ನೇ ಹೋಲುವ, ಬೇರೆ ಕಂಪನಿಯ ಮದ್ದು) 2014ರಲ್ಲೇ ನಮ್ಮ ದೇಶದಲ್ಲಿ ಬಂದು ಬೆಲೆ ಇಳಿಯಿತು. ಆದರೂ ಅಡಿಕೆ ಸುಲಿಯಲು ಹೋಗುವ ಮನೆಗೆ ಅದು ಭಾರವೇ. ಜೊತೆಗೆ ಈ ಮದ್ದುಗಳು ಮಲಗಿದ್ದ ಕ್ಷಯವನ್ನು ಎಬ್ಬಿಸಬಲ್ಲವು. ಕೊಡುವ ಮೊದಲು ಪರೀಕ್ಷೆ ಆಗಲೇಬೇಕು. ಅಗ್ಗದ ಮದ್ದನ್ನು ಜಾಣತನದಿಂದ, ಸರಿಯಾದ ಪ್ರಮಾಣದಲ್ಲಿ ಬಳಸುವ ಡಾಕ್ಟರೇ ನಮ್ಮೂರಿಗೆ ಬೇಕಾದವರು.

ಎಂಟನೇ ಹೆಜ್ಜೆ: ತಾರೀಕು ಹಾಕಿ ನಿರ್ಧರಿಸಿ

ಎರಡು ತಿಂಗಳ ನೋಟ್‌ಬುಕ್ ತೆಗೆಯಿರಿ. ಒಂದು ಭಾನುವಾರ ಕೂತು ಓದಿ. ಯಾವ ರೋಗಿಯ ಮುಂದಿನ ಭೇಟಿ ಏನಾಯಿತೋ ಎಂದು ನಿಮಗೆ ಈಗಲೂ ತಿಳಿಯಬೇಕು ಅನ್ನಿಸುತ್ತದೆ? ಅಂಥ ಐದು ಹೆಸರು ಸಿಕ್ಕಿದರೆ ಅರ್ಜಿ ಹಾಕಿ. ಒಂದೂ ಸಿಗದಿದ್ದರೆ ಬೇಡ. ಎರಡೋ ಮೂರೋ ಇದ್ದರೆ ಇನ್ನೊಂದು ತಿಂಗಳು ಬೇರೆ ಆಸ್ಪತ್ರೆಯಲ್ಲಿ ಕೂತು ನೋಡಿ, ಯಾಕೆಂದರೆ ಕೆಲವೊಮ್ಮೆ ನಮಗೆ ಹಿಡಿಸದೇ ಇರುವುದು ಆ ಓಪಿ, ಆ ವಿಷಯ ಅಲ್ಲ.

ಬೇಡ ಎಂದು ತೀರ್ಮಾನಿಸಿದವರಿಗೂ ಒಂದು ಕೆಲಸ ಇದೆ. ನೀವು ಎಂಡಿ ಮುಗಿಸಿ ಉಪ್ಪಳದಲ್ಲೋ ಕುಂಬಳೆಯಲ್ಲೋ ಫಿಸಿಶಿಯನ್ ಆಗಿ ಕೂತರೆ ದೊಡ್ಡಮ್ಮನಂಥವರ ಊದಿದ ಬೆರಳುಗಳನ್ನು ಮೊದಲು ನೋಡುವವರು ನೀವೇ. ಒಂದು ವರ್ಷದ ಫೆಲೋಶಿಪ್ ಮಾಡಿಕೊಂಡರೂ ಒಳ್ಳೆಯದೇ, ಅದು ಡಿಎಂಗೆ ಸಮ ಅಲ್ಲ ಎಂಬುದು ಮಾತ್ರ ನೆನಪಿರಲಿ. ಅದೂ ಬೇಡ ಎಂದರೆ ಇಷ್ಟು ಸಾಕು: ಬೆಳಿಗ್ಗೆ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಕೈ ಬಿಗಿದಿರುವುದು, ಬೆರಳ ಬುಡದ ಗಂಟುಗಳನ್ನು ಅಡ್ಡಲಾಗಿ ಹಿಂಡಿದರೆ ನೋವು, ಕಣ್ಣಿಗೆ ಕಾಣುವ ಊತ. ಇವು ಕಂಡರೆ ಊತ ಶುರುವಾದ ಆರು ವಾರದೊಳಗೆ ತಜ್ಞರನ್ನು ಕಾಣುವಂತೆ ಕಳಿಸಿ. ಚೀಟಿಯಲ್ಲಿ ಯಾವ ದಿನದಿಂದ ಊತ ಎಂದು ಬರೆಯಿರಿ. ಬಸ್ಸು ಹತ್ತುವ ಮೊದಲು ನಮಗೊಂದು ಫೋನ್ ಮಾಡಿಸಿ.